ಹಿರಿಯರ ಕಾಯಕದ ಮುಟ್ಟುಗಳು

12ನೆಯ ಶತಮಾನದ ಶರಣರ ಹೆಸರುಗಳನ್ನು ಸಾವಧಾನದಿಂದ ಓದುತ್ತ ಹೋದರೆ ಒಂದು ವಿಶೇಷವು ಕಣ್ಣಿಗೆ ಬೀಳದೆ ಇರದು. ಮನುಷ್ಯನನ್ನು ಊರಿನಿಂದಲೋ ಕುಲದಿಂದಲೋ ತಂದೆಯ ಹೆಸರಿನಿಂದಲೋ ಗುರುತಿಸುವುದು ಲೋಕದ ವಾಡಿಕೆ. ಶರಣರಲ್ಲಿ ಅನೇಕರಾದರೋ ತಮ್ಮ ಕೈಯೊಳಗಿನ ಮುಟ್ಟಿನಿಂದಲೇ ಗುರುತಿಸಲ್ಪಟ್ಟರು. ಬಾಚಿಕಾಯಕದ ಬಸವಯ್ಯ, ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ, ಗಾಣದ ಕಣ್ಣಪ್ಪ, ಕನ್ನಡಿ ಕಾಯಕದ ಅಮ್ಮಿದೇವಯ್ಯ ಮೊದಲಾದವರ ಹೆಸರಿನ ಮುಂದೆ ನಿಂತಿರುವ ಮಾತುಗಳು ಅರಸರು ಕೊಟ್ಟ ಬಿರುದುಗಳಲ್ಲ. ಅವು ಬಡಗಿಯ ಬಾಚಿ, ಹೊಲಿಯುವ ಸೂಜಿ, ನೂಲುವ ಕದಿರು, ಎಣ್ಣೆ ತೆಗೆಯುವ ಗಾಣ, ಮುಖ ತೋರುವ ಕನ್ನಡಿ. ಮುಟ್ಟು ಎಂಬುದು ಕಸಬಿನ ಉಪಕರಣಕ್ಕೆ ಕನ್ನಡದಲ್ಲಿ ಬಹು ಹಿಂದಿನಿಂದ ನಡೆದುಬಂದ ಮಾತು. ಬಡಗಿಯ ಮುಟ್ಟು, ಕಮ್ಮಾರನ ಮುಟ್ಟು ಎಂದು ಹಳ್ಳಿಯ ಹಿರಿಯರ ಬಾಯಲ್ಲಿ ಈಗಲೂ ಕೇಳಿಬರುವುದುಂಟು.

ಇಂತಹ ಮುಟ್ಟುಗಳು ಇಂದಿನ ಭಕ್ತಗೃಹಸ್ಥರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ. ಹಿರಿಯರು ಲಿಂಗೈಕ್ಯರಾದ ತರುವಾಯ ಮನೆ ಪಾಲಾಗುವಾಗ ಒಂದು. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಲು ಹೊರಟಾಗ ಇನ್ನೊಂದು. ಆಗ ಹೊಲ ಪಾಲಾಗುತ್ತದೆ, ಬಂಗಾರ ತೂಗಲ್ಪಡುತ್ತದೆ, ನೀರು ಕಾಯಿಸುವ ತಾಮ್ರದ ಹಂಡೆಗೂ ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆ. ಅಟ್ಟದ ಮೂಲೆಯಲ್ಲಿ ಬಿದ್ದ ಗೋಣಿಚೀಲವನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದರೊಳಗೆ ತುಕ್ಕು ಹಿಡಿದ ಏಳೆಂಟು ಕಬ್ಬಿಣದ ತುಂಡುಗಳು, ಕಾವು ಮುರಿದ ಒಂದು ಗುದ್ದಲಿ, ಯಾವುದಕ್ಕೆಂದು ತಿಳಿಯದ ಒಂದು ಮರದ ಬಟ್ಟಲು, ಹೆಸರು ಬಾರದ ಇನ್ನೆರಡು ವಸ್ತು. ಗುಜರಿಯವನು ಬಂದು ತೂಕ ಹಾಕಿ ಒಯ್ದರೆ ಮನೆ ಹಗುರವಾಯಿತೆಂದು ಎಲ್ಲರೂ ಸಮಾಧಾನಪಡುತ್ತಾರೆ.

ಕೆಲವು ಮನೆಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ಮಹಾನವಮಿಯ ಆಯುಧಪೂಜೆಯ ದಿನ ಚೀಲವು ಕೆಳಗಿಳಿಯುತ್ತದೆ. ಮುಟ್ಟುಗಳಿಗೆ ವಿಭೂತಿಯ ಗೆರೆ, ಕುಂಕುಮ, ಎರಡು ಚೆಂಡುಹೂ ಏರುತ್ತವೆ. ಮರುದಿನ ಚೀಲವು ಮತ್ತೆ ಅಟ್ಟಕ್ಕೆ ಹೋಗುತ್ತದೆ. ಪೂಜಿಸಿದವರಲ್ಲಿ ಒಬ್ಬರನ್ನು ಕರೆದು, ಹೂ ಏರಿಸಿದ ಈ ವಸ್ತುವಿನ ಹೆಸರೇನು, ಇದರಿಂದ ನಿಮ್ಮ ಮುತ್ತಜ್ಜನು ಏನು ಮಾಡುತ್ತಿದ್ದನು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಹೆಸರರಿಯದೆ ಕೆಲಸವರಿಯದೆ ಹೂ ಏರಿಸುವ ಈ ಪೂಜೆಯು ಶರಣಧರ್ಮದ ಮಕ್ಕಳಿಗೆ ಒಪ್ಪುವುದೇ ಎಂಬುದು ಯೋಚಿಸಬೇಕಾದ ಮಾತು. ಹೊಡಕೆಯ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಹಗ್ಗದ ಕಾಯಕವನ್ನು ಬಿಡದೆ ನಡೆದ ನುಲಿಯ ಚಂದಯ್ಯನವರ ಕಥೆಯನ್ನು ಪುರಾಣಪ್ರವಚನಗಳಲ್ಲಿ ಕೇಳಿ ತಲೆದೂಗಿದವರೇ ಈ ಪೂಜೆಯನ್ನೂ ಮಾಡುತ್ತಾರೆ.

ಹೀಗೆ ಪೂಜೆಗೊಳ್ಳುತ್ತ ಅರಿಯದೆ ಉಳಿದ ಇನ್ನೊಂದು ವಸ್ತುವೂ ಒಂದು ಕಾಲಕ್ಕೆ ಅದೇ ಅಟ್ಟಗಳಲ್ಲಿತ್ತು. ಅದು ವಚನಗಳ ತಾಡವೋಲೆಯ ಕಟ್ಟು. ಮನೆಮನೆಗಳಲ್ಲಿ ಆ ಕಟ್ಟುಗಳು ಬಟ್ಟೆಯಲ್ಲಿ ಸುತ್ತಿ ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳವಾಗಿದ್ದರು. ವಿಜಯಪುರದ ಫ. ಗು. ಹಳಕಟ್ಟಿಯವರು (1880–1964) ಅವನ್ನು ಹುಡುಕಿ ತೆಗೆದು, ಓದಿ, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ ಮೇಲೆಯೇ ಶರಣರ ಮಾತು ಮರಳಿ ಜನರ ಕಿವಿಗೆ ಬಿದ್ದಿತು. ಓಲೆಗೆ ಆದ ಉಪಕಾರವು ಮುಟ್ಟಿಗೂ ಆಗಬೇಕಾಗಿದೆ. ಅದಕ್ಕೆ ಪಾಂಡಿತ್ಯ ಬೇಕಿಲ್ಲ. ಒಂದು ಮಧ್ಯಾಹ್ನದ ಹೊತ್ತು, ಒಳ್ಳೆಯ ಬೆಳಕು, ಸ್ವಲ್ಪ ತಾಳ್ಮೆ ಸಾಕು.

ಮೊದಲನೆಯ ಎಚ್ಚರಿಕೆಯು ತೊಳೆಯುವ ವಿಷಯದ್ದು. ಹಳೆಯ ಕಬ್ಬಿಣ ಕೈಗೆ ಸಿಕ್ಕೊಡನೆ ಇಟ್ಟಿಗೆಯ ಪುಡಿ ಹಾಕಿ ತಿಕ್ಕುವುದು, ಉಪ್ಪುಕಾಗದದಿಂದ ಉಜ್ಜಿ ಬೆಳ್ಳಿಯಂತೆ ಹೊಳೆಯಿಸುವುದು ಅನೇಕರ ಸ್ವಭಾವ. ಹಾಗೆ ಮಾಡಿದರೆ ಗುರುತಿಸಲು ಬೇಕಾದುದೆಲ್ಲ ಉಜ್ಜಿ ಹೋಗುತ್ತದೆ. ಕಮ್ಮಾರನು ಒತ್ತಿದ ಗುರುತು, ಅಕ್ಷರದ ಅಚ್ಚು, ಸಾಣೆ ಹಿಡಿದ ಓರೆ, ಕಾವಿನ ಮೇಲಿನ ಬೆರಳ ತಾಣ, ಇವೆಲ್ಲವೂ ಮೇಲ್ಮೈಯಲ್ಲಿಯೇ ಇರುವಂತಹವು. ಒಣಬಟ್ಟೆಯಿಂದ ಧೂಳು ಒರಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಕೆಂಪು ತುಕ್ಕನ್ನಷ್ಟೇ ಸಡಿಲಿಸಿ ತೆಗೆದರೆ ಸಾಕು. ಕೆಳಗಿರುವ ಕಪ್ಪು ಬಣ್ಣವು ಕಬ್ಬಿಣಕ್ಕೆ ಶತ್ರುವಲ್ಲ; ಅದನ್ನು ಹಾಗೆಯೇ ಬಿಡತಕ್ಕದ್ದು. ಎರಡನೆಯ ಎಚ್ಚರಿಕೆಯು ಇನ್ನೂ ಮುಖ್ಯವಾದುದು. ಮುರಿದ ಕಾವಿನ ಚೂರು ತೂತಿನೊಳಗೆ ಸಿಕ್ಕಿಕೊಂಡಿದ್ದರೆ ಅದನ್ನು ಸುಡಲೆಂದು ಮುಟ್ಟನ್ನೇ ಒಲೆಗೆ ಎಸೆಯುವವರುಂಟು. ಬೆಂಕಿಯಲ್ಲಿ ಕಾದ ಉಕ್ಕು ತನ್ನ ಹದವನ್ನು ಕಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ. ವಿದ್ಯುತ್ತಿನ ಸಾಣೆಯ ಮೇಲೆ ಅವಸರದಿಂದ ಹಿಡಿದು ಅಂಚು ನೀಲಿಯಾದರೂ ಇದೇ ಗತಿ. ಮೂರು ತಲೆಮಾರು ಬಾಳಿದ ಮುಟ್ಟು ಒಂದು ಗಳಿಗೆಯಲ್ಲಿ ಬರಿಯ ಕಬ್ಬಿಣವಾಗುತ್ತದೆ.

ಇನ್ನು ಗುರುತಿಸುವ ಬಗೆ. ಮುಟ್ಟಿನ ಆಕಾರಕ್ಕಿಂತ ಮೊದಲು ಅದರ ಬಾಯಿಯನ್ನು ನೋಡಬೇಕು. ಬಾಯಿ ಎಂದರೆ ಕೆಲಸ ಮಾಡುವ ಅಂಚು. ಅದು ಕಾವಿಗೆ ಯಾವ ದಿಕ್ಕಿನಲ್ಲಿದೆ, ಅದರ ಓರೆಯು ಒಂದೇ ಮಗ್ಗುಲಿಗೋ ಎರಡೂ ಮಗ್ಗುಲಿಗೋ ಎಂಬೆರಡು ಪ್ರಶ್ನೆಗಳಿಂದಲೇ ಅರ್ಧ ಕೆಲಸವಾಗುತ್ತದೆ. ಕೊಡಲಿಯ ಬಾಯಿ ಕಾವಿನ ಉದ್ದಕ್ಕೇ ಇರುತ್ತದೆ, ಓರೆ ಎರಡೂ ಕಡೆ. ಗುದ್ದಲಿಯ ಬಾಯಿ ಕಾವಿಗೆ ಅಡ್ಡವಾಗಿರುತ್ತದೆ; ಅದು ಅಗಲ, ಮಣ್ಣು ಕಲ್ಲುಗಳಿಗೆ ತಾಗಿ ಮೊಂಡಾಗಿ ಮೂಲೆಗಳು ಸವೆದಿರುತ್ತವೆ. ಬಾಚಿಯ ಬಾಯಿಯೂ ಅಡ್ಡವೇ ಆದುದರಿಂದ ಅನೇಕರು ಅದನ್ನು ಚಿಕ್ಕ ಗುದ್ದಲಿಯೆಂದು ತಿಳಿದು ತೋಟದ ಕೆಲಸಕ್ಕೆ ಹಾಕಿ ಕೆಡಿಸುತ್ತಾರೆ. ಬಾಚಿಯನ್ನು ತಿರುಗಿಸಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಅಲಗು ಕೆಲಸಗಾರನ ಕಡೆಗೆ ತುಸು ಬಾಗಿರುತ್ತದೆ, ಓರೆಯು ಒಳಮಗ್ಗುಲಿಗೆ ಮಾತ್ರ ಇರುತ್ತದೆ, ಹೊರಮಗ್ಗುಲು ನುಣುಪಾಗಿರುತ್ತದೆ. ಹಿಂಬದಿಯ ಗಟ್ಟಿಭಾಗವು ಮೊಳೆ ಹೊಡೆದು ಹೊಡೆದು ಚಪ್ಪಟೆಯಾಗಿರುವುದೂ ಉಂಟು. ಕಾವು ಗಿಡ್ಡ, ಕುಕ್ಕರಗಾಲಿನಲ್ಲಿ ಕುಳಿತು ಒಂದೇ ಕೈಯಿಂದ ಕೆತ್ತುವ ಮುಟ್ಟು ಅದು.

ಬಾಚಿಕಾಯಕದ ಬಸವಯ್ಯನವರ ಕೈಯಲ್ಲಿದ್ದುದು ಈ ಮುಟ್ಟೇ. ಅವರ ಪತ್ನಿ ಕಾಳವ್ವೆಯೂ ವಚನಕಾರ್ತಿ. ವಚನಸಂಪುಟಗಳಲ್ಲಿ ಆಕೆಯ ಹೆಸರು ಬರುವುದು ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಎಂದೇ. ಒಂದು ಬಾಚಿಯು ಗಂಡಹೆಂಡಿರಿಬ್ಬರ ಹೆಸರಿನಲ್ಲಿಯೂ ನಿಂತಿತು. ಬಡಗಿಯ ಮುಟ್ಟುಗಳಲ್ಲಿ ಇದು ಮೊದಲನೆಯದೆಂಬುದಕ್ಕೂ ಕಾರಣವಿದೆ. ಉಳಿ ಉಜ್ಜುಗೊರಡುಗಳು ಕೈಗೆ ಬರುವುದಕ್ಕೆ ಮುಂಚೆ ಮರದ ದಿಮ್ಮಿಗೆ ರೂಪ ಕೊಡುವುದು ಬಾಚಿಯೇ. ನೇಗಿಲು, ನೊಗ, ಕುಂಟೆ, ಬಂಡಿಯ ಅಚ್ಚುಮರ, ಬಾಗಿಲ ಚೌಕಟ್ಟು, ಎಲ್ಲದರ ಮೊದಲ ಸಿಪ್ಪೆ ಹಾರುವುದು ಅದರಿಂದ. ಹಳೆಯ ಬಾಚಿಯ ಅಲಗು ಸಾಮಾನ್ಯವಾಗಿ ನಾಲ್ಕು ಬೆರಳಿನಷ್ಟು ಮಾತ್ರ ಉಳಿದಿರುತ್ತದೆ. ಅದು ಹುಟ್ಟಿನಿಂದ ಗಿಡ್ಡವಲ್ಲ. ವರ್ಷವರ್ಷವೂ ಮಸೆದು ತೇದು ಹೋದ ಭಾಗವೇ ಉಳಿದುದಕ್ಕಿಂತ ಹೆಚ್ಚಾಗಿರಬಹುದು. ಹಳ್ಳಿಯ ಕಮ್ಮಾರನು ಮುಟ್ಟಿನ ಮೈಯನ್ನು ಮೆದುಗಬ್ಬಿಣದಿಂದ ಮಾಡಿ ಬಾಯಿಗೆ ಮಾತ್ರ ಉಕ್ಕಿನ ತುಂಡನ್ನು ಕುಲುಮೆಯಲ್ಲಿ ಬೆಸೆಯುತ್ತಿದ್ದನು. ಓರೆಯಾದ ಬೆಳಕಿನಲ್ಲಿ ಹಿಡಿದರೆ ಎರಡು ಲೋಹ ಕೂಡಿದ ಗೆರೆಯು ಕಾಣುವುದುಂಟು. ತುಕ್ಕಿನ ಬಣ್ಣ ಅಲ್ಲಿ ಬದಲಾಗುತ್ತದೆ. ಆ ಗೆರೆಯವರೆಗೆ ತೇದುಹೋದ ಮುಟ್ಟಿಗೆ ಮತ್ತೆ ಉಕ್ಕು ಕೂಡಿಸುತ್ತಿದ್ದರು. ಒಂದೇ ಬಾಚಿಯು ಹೀಗೆ ಎರಡು ಮೂರು ಜನ್ಮ ಕಂಡಿರುವುದು ಅಪರೂಪವಲ್ಲ.

ಉಳಿಗಳಲ್ಲಿ ಗೊಂದಲ ಹೆಚ್ಚು. ಬಡಗಿಯ ಉಳಿಗೆ ಮರದ ಹಿಡಿಯಿರುತ್ತದೆ, ಇಲ್ಲವೆ ಹಿಡಿ ಹೋಗಿದ್ದರೆ ಅದು ಕೂರುವ ಮೊನೆಯಾದರೂ ಉಳಿದಿರುತ್ತದೆ. ಹಿಡಿಯ ತುದಿಗೆ ಕಬ್ಬಿಣದ ಬಳೆಯಿದ್ದರೆ ಅದು ಕೊಡತಿಯ ಪೆಟ್ಟು ತಿನ್ನುವ ಉಳಿ. ಕಲ್ಲುಕುಟಿಗನ ಚಾಣಕ್ಕೆ ಹಿಡಿಯೇ ಇಲ್ಲ; ತಲೆಯು ಸುತ್ತಿಗೆಯ ಪೆಟ್ಟಿಗೆ ಅಣಬೆಯಂತೆ ಅರಳಿರುತ್ತದೆ. ಅಗಲವಾದ, ತೆಳ್ಳಗಿನ, ಹಿಡಿಯ ಮೊನೆಯಿಲ್ಲದ ಅಲಗು ಸಿಕ್ಕರೆ ಅದನ್ನು ಉಳಿಯೆಂದು ಬರೆದುಕೊಳ್ಳಬಾರದು. ಅದು ಉಜ್ಜುಗೊರಡಿನೊಳಗಿನ ಅಲಗಾಗಿರಬಹುದು. ಉತ್ತರದ ಜಿಲ್ಲೆಗಳಲ್ಲಿ ರಂದಾ ಎನ್ನುವ ಮುಟ್ಟು ಅದು. ಮರದ ಗೊರಡನ್ನು ಯಾರೋ ಒಲೆಗೆ ಹಾಕಿ ಅಲಗನ್ನು ಮಾತ್ರ ಉಳಿಸಿರುತ್ತಾರೆ. ಬೈರಿಗೆಯ ಗತಿ ಇನ್ನೂ ಶೋಚನೀಯ. ತುದಿಯಲ್ಲಿ ಕಬ್ಬಿಣದ ಮೊನೆಯುಳ್ಳ ಒಂದು ದುಂಡನೆಯ ಮರದ ತುಂಡು, ದಾರ ಹೋದ ಒಂದು ಬಿಲ್ಲು, ಮೇಲೆ ಒತ್ತಿ ಹಿಡಿಯುವ ತೆಂಗಿನ ಚಿಪ್ಪು, ಇವು ಮೂರೂ ಕೂಡಿದರೆ ತೂತು ಕೊರೆಯುವ ಮುಟ್ಟು. ಅಟ್ಟದಲ್ಲಿ ಇವು ಬೇರೆಬೇರೆಯಾಗಿ ಬಿದ್ದಿರುವುದರಿಂದ ಮೊದಲನೆಯದನ್ನು ಮಕ್ಕಳು ಬುಗುರಿಯೆಂದು ಒಯ್ಯುತ್ತಾರೆ, ಬಿಲ್ಲನ್ನು ಆಟಕ್ಕೆ ತೆಗೆದುಕೊಳ್ಳುತ್ತಾರೆ, ಚಿಪ್ಪು ಕಸಕ್ಕೆ ಹೋಗುತ್ತದೆ. ಆದುದರಿಂದ ಚೀಲದ ಬಳಿ ಬಿದ್ದ ಮರದ ತುಂಡುಗಳನ್ನು ಎಸೆಯುವುದಕ್ಕೆ ಮುಂಚೆ ಕಬ್ಬಿಣದ ತುಂಡುಗಳೊಡನೆ ಕೂಡಿಸಿ ನೋಡತಕ್ಕದ್ದು.

ಗರಗಸವನ್ನು ಅದರ ಹಲ್ಲೇ ಹೇಳುತ್ತದೆ. ಹಲ್ಲುಗಳು ಹಿಡಿಯ ಕಡೆಗೆ ವಾಲಿದ್ದರೆ ಅದು ಎಳೆಯುವಾಗ ಕೊಯ್ಯುವ ಗರಗಸ. ನಮ್ಮ ದೇಶದ ಹಳೆಯ ಕೈಗರಗಸಗಳಲ್ಲಿ ಈ ಬಗೆಯು ಸಾಮಾನ್ಯ. ಹಿಡಿಯಿಂದ ಆಚೆಗೆ ವಾಲಿದ್ದರೆ ತಳ್ಳುವಾಗ ಕೊಯ್ಯುವ ವಿಲಾಯಿತಿ ಮಾದರಿ. ಆಳೆತ್ತರದ, ಎರಡು ತುದಿಗೂ ಹಿಡಿಯುಳ್ಳ ಗರಗಸವಿದ್ದರೆ ಆ ಮನೆಯ ಹಿರಿಯನು ಒಬ್ಬನೇ ದುಡಿದವನಲ್ಲ. ದಿಮ್ಮಿಯ ಮೇಲೆ ಒಬ್ಬ, ಕೆಳಗೆ ಒಬ್ಬ ನಿಂತು ಹಲಗೆ ಕೊಯ್ಯುವ ಮುಟ್ಟು ಅದು. ಕೆಳಗೆ ನಿಂತವನ ಕಣ್ಣುತುಂಬ ಮರದ ಹುಡಿ ಬೀಳುತ್ತಿತ್ತು.

ಈಗ ತೆಳುವಾದ ಕಂಬಿಗಳ ವಿಷಯಕ್ಕೆ ಬರಬೇಕು. ಅತ್ಯಂತ ದೊಡ್ಡ ನಷ್ಟವು ಇಲ್ಲಿಯೇ ಆಗುತ್ತಿರುವುದು. ಗೇಣುದ್ದದ ಮೊನಚಾದ ಕಬ್ಬಿಣದ ಕಂಬಿಯೊಂದು ಸಿಕ್ಕಿದರೆ ಎಲ್ಲರೂ ಅದನ್ನು ದಬ್ಬಳವೆಂದು ಹೇಳಿ ಮುಗಿಸುತ್ತಾರೆ. ದಬ್ಬಳವು ಗೋಣಿ ಹೊಲಿಯುವ ಸೂಜಿಯಾದುದರಿಂದ ಅದಕ್ಕೆ ದಾರ ಪೋಣಿಸುವ ಕಣ್ಣು ಇರಲೇಬೇಕು. ಕಣ್ಣಿಲ್ಲದೆ ಮರದ ಹಿಡಿಯಿದ್ದರೆ ಅದು ತೊಗಲಿಗೆ ತೂತು ಮಾಡುವ ಆರೆ. ಕಣ್ಣೂ ಇಲ್ಲದೆ ಮರದ ಹಿಡಿಯೂ ಇಲ್ಲದೆ ಮೈಯೆಲ್ಲ ಒಂದೇ ಕಬ್ಬಿಣವಾಗಿದ್ದು, ಮೊನೆಯು ಸಣ್ಣಗೆ ದುಂಡಾಗಿದ್ದು, ಇನ್ನೊಂದು ತುದಿಯು ಚಿಕ್ಕ ಕತ್ತಿಯಂತೆ ಚಪ್ಪಟೆಯಾಗಿಯೋ ಕುಸುರಿನ ತಲೆಯುಳ್ಳದ್ದಾಗಿಯೋ ಇದ್ದರೆ ಕೈ ತಡೆಯಬೇಕು. ಅದು ಕಂಟವಾಗಿರುವ ಸಂಭವವುಂಟು. ಕಂಟವೆಂದರೆ ತಾಡವೋಲೆಯ ಮೇಲೆ ಅಕ್ಷರ ಕೊರೆಯುವ ಲೇಖನಿ. ಕತ್ತಿಯಂತಹ ತುದಿಯು ಓಲೆಯ ಅಂಚನ್ನು ಸರಿಪಡಿಸಲಿಕ್ಕೆ. ಕಂಟದಿಂದ ಕೊರೆದು, ಮೇಲೆ ಮಸಿಯನ್ನು ಸವರಿ ಒರಸಿದರೆ ಗೀರಿದ ಕಡೆಯಲ್ಲಿ ಮಾತ್ರ ಕಪ್ಪು ನಿಂತು ಅಕ್ಷರವು ಎದ್ದು ಕಾಣುತ್ತಿತ್ತು. ಶರಣರ ಮಾತುಗಳು ಶತಮಾನಗಳನ್ನು ದಾಟಿ ಬಂದುದು ಈ ಕಬ್ಬಿಣದ ಮೊನೆಯ ಮೇಲೆ. ಓಲೆಯ ಕಟ್ಟುಗಳು ಪುಸ್ತಕಭಂಡಾರಗಳನ್ನು ಸೇರಿದವು. ಅವನ್ನು ಬರೆದ ಕಂಟಗಳಲ್ಲಿ ಎಷ್ಟು ಗುಜರಿಯ ತಕ್ಕಡಿಯನ್ನು ಏರಿದವೋ ಎಣಿಸುವವರಿಲ್ಲ.

ಒಕ್ಕಲುತನದ ಮುಟ್ಟುಗಳಲ್ಲಿ ಕಷ್ಟವಿರುವುದು ಆಕಾರದಲ್ಲಿ ಅಲ್ಲ, ಹೆಸರಿನಲ್ಲಿ. ಒಂದೇ ವಸ್ತುವಿಗೆ ಸೀಮೆಗೊಂದು ಮಾತು. ಬಡಗಣದಲ್ಲಿ ಸಲಿಕೆಯಾದುದು ಮೈಸೂರು ಕಡೆ ಸನಿಕೆ. ಒಂದೆಡೆ ಹಾರೆಯಾದುದು ಇನ್ನೊಂದೆಡೆ ಗಡಾರಿ. ನೇಗಿಲಿನ ಕಬ್ಬಿಣವು ಕುಳ, ಗುಳ, ಕುಡ ಎಂದು ಊರೂರಿಗೆ ಬದಲಾಗುತ್ತದೆ. ಆದುದರಿಂದ ಹಿರಿಯರನ್ನು ಕೇಳುವಾಗ ‘ಇದರ ಹೆಸರೇನು’ ಎನ್ನುವುದಕ್ಕಿಂತ ‘ಇದನ್ನು ಯಾವ ಕೆಲಸಕ್ಕೆ, ಯಾವ ತಿಂಗಳಲ್ಲಿ ತೆಗೆಯುತ್ತಿದ್ದಿರಿ’ ಎಂದು ಕೇಳುವುದು ಲೇಸು. ಹೆಸರನ್ನು ಮರೆತ ಮುದುಕರೂ ಕೆಲಸವನ್ನು ಮರೆತಿರುವುದಿಲ್ಲ; ಮುಟ್ಟನ್ನು ಕೈಗೆ ಕೊಟ್ಟರೆ ಬೆರಳುಗಳು ತಮ್ಮಷ್ಟಕ್ಕೆ ತಾವೇ ಸರಿಯಾದ ಕಡೆಗೆ ಹೋಗಿ ಕೂರುತ್ತವೆ. ಮೇಲೆ ಹೇಳಿದ ಯಾವುದಕ್ಕೆಂದು ತಿಳಿಯದ ಮರದ ಬಟ್ಟಲಿನ ತಳವನ್ನು ನೋಡಬೇಕು. ಅಲ್ಲಿ ಎರಡೋ ಮೂರೋ ನಾಲ್ಕೋ ತೂತುಗಳಿದ್ದರೆ ಅದು ಬೀಜ ಬಿತ್ತುವ ಕೂರಿಗೆಯ ಬಟ್ಟಲು. ಎಷ್ಟು ತೂತೋ ಅಷ್ಟು ಸಾಲು. ಬಿದಿರ ಕೊಳವೆಗಳು ಇಲಿಯ ಪಾಲಾಗಿ ಬಟ್ಟಲೊಂದೇ ಉಳಿದಿರುತ್ತದೆ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಕೆಲಸವು ಅನೇಕ ಕಡೆ ಹೆಂಗಸರದ್ದಾಗಿತ್ತು. ಮುಷ್ಟಿಯ ಸಂದಿನಿಂದ ಕಾಳು ಹೆಚ್ಚೂ ಆಗದೆ ಕಡಿಮೆಯೂ ಆಗದೆ ಇಳಿಯಬೇಕು. ಆ ವರ್ಷದ ಬೆಳೆಯ ಸಾಲು ಆಕೆಯ ಬೆರಳಿನಲ್ಲಿರುತ್ತಿತ್ತು. ಆದಕಾರಣ ಅದು ಅಜ್ಜನ ಮುಟ್ಟೆಂದು ತೀರ್ಮಾನಿಸುವುದಕ್ಕೆ ಮುಂಚೆ ಅಜ್ಜಿಯದೋ ಎಂದು ಕೇಳಬೇಕು. ಕದಿರು, ಲಾಳಿ, ಒನಕೆಯ ತುದಿಗೆ ಹಾಕುತ್ತಿದ್ದ ಕಬ್ಬಿಣದ ಬಳೆ, ಇವುಗಳ ಮಾತೂ ಇದೇ. ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮನವರ ಹೆಸರುಗಳನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಎರಕದ ಕಬ್ಬಿಣದ ನೇಗಿಲಿನ ತುಂಡು ಸಿಕ್ಕಿದರೆ ಅದು ಹಳ್ಳಿಯ ಕುಲುಮೆಯದಲ್ಲ, ಕಾರ್ಖಾನೆಯದು. ಬೆಳಗಾವಿಯಲ್ಲಿ ಉದ್ಯಮವನ್ನು ಆರಂಭಿಸಿ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೊದಮೊದಲು ಕಬ್ಬಿಣದ ನೇಗಿಲನ್ನು ಮಾರಲು ಹೋದಾಗ, ಕಬ್ಬಿಣವು ಮಣ್ಣಿಗೆ ವಿಷವಾದೀತೆಂದು ರೈತರು ಹಿಂಜರಿದರಂತೆ. ಆ ಹಿಂಜರಿಕೆಯನ್ನು ಮೀರಿ ಕೊಂಡ ಹಿರಿಯನೊಬ್ಬನು ಆ ಮನೆಯಲ್ಲಿದ್ದನೆಂಬುದಕ್ಕೆ ಇಂತಹ ತುಂಡು ಸಾಕ್ಷಿಯಾಗಬಲ್ಲದು.

ಅಕ್ಷರವಿರುವ ಮುಟ್ಟುಗಳು ಕಾಲವನ್ನು ಸ್ವಲ್ಪಮಟ್ಟಿಗೆ ತಾವೇ ಹೇಳುತ್ತವೆ. ಅಂಗುಲ ಅಡಿಗಳು ಮಾತ್ರ ಇರುವ ಅಳತೆಪಟ್ಟಿ, ಸೇರು ತೊಲೆಗಳ ಗುರುತಿರುವ ತೂಕದ ಬಟ್ಟು ಇವು ಬಹುಮಟ್ಟಿಗೆ 1956ರ ತೂಕ ಅಳತೆಗಳ ಕಾಯಿದೆಯು ಜಾರಿಗೆ ಬಂದು ಮೆಟ್ರಿಕ್ ಪದ್ಧತಿಯು ನೆಲೆಗೊಳ್ಳುವುದಕ್ಕಿಂತ ಹಿಂದಿನವು. ಉಳಿಯ ಮೇಲೆ ಇಂಗ್ಲಿಷಿನಲ್ಲಿ ‘ಕಾಸ್ಟ್ ಸ್ಟೀಲ್’ ಎಂದು ಒತ್ತಿದ್ದರೆ ಅದು ಹೆಚ್ಚಾಗಿ 19ನೆಯ ಶತಮಾನದ ಅಥವಾ 20ನೆಯ ಶತಮಾನದ ಆರಂಭದ ವಿಲಾಯಿತಿ ಸರಕು. ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು ಎಂದು ಅದರ ಅರ್ಥ. 18ನೆಯ ಶತಮಾನದ ನಡುವಿನಲ್ಲಿ ಷೆಫೀಲ್ಡಿನ ಬೆಂಜಮಿನ್ ಹಂಟ್ಸ್‌ಮನ್ ಎಂಬಾತನು ಅದನ್ನು ಅಲ್ಲಿ ರೂಢಿಗೆ ತಂದನು. ಆ ಅಕ್ಷರಗಳನ್ನು ಕಂಡು ಬೆರಗಾಗುವವರು ಇನ್ನೊಂದು ಸಂಗತಿಯನ್ನೂ ಅರಿತಿರಬೇಕು. ಮೂಸೆಯ ಉಕ್ಕು ದಕ್ಷಿಣ ಭಾರತದಲ್ಲಿ ಅದಕ್ಕಿಂತ ಎಷ್ಟೋ ಶತಮಾನ ಹಿಂದಿನದು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಪರೀಕ್ಷೆಯ ವಿವರವನ್ನು ‘ವೂಟ್ಜ್’ ಎಂಬ ಹೆಸರಿನಿಂದ ಮಂಡಿಸಿದನು. ಆ ಹೆಸರು ಕನ್ನಡದ ಉಕ್ಕು ಎಂಬ ಮಾತಿನ ಅಪಭ್ರಂಶವೆಂದು ಅನೇಕ ವಿದ್ವಾಂಸರ ಮತ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿನವರು ಕಬ್ಬಿಣ ಉಕ್ಕುಗಳನ್ನು ತೆಗೆಯುವ ಬಗೆಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅಕ್ಷರವಿಲ್ಲದ ಹಳ್ಳಿಯ ಮುಟ್ಟು ಅಕ್ಷರವುಳ್ಳದ್ದಕ್ಕಿಂತ ಕೀಳೆಂದು ತಿಳಿಯುವುದು ಸರಿಯಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಕಡೆಗೆ ಕಾವನ್ನು ನೋಡಬೇಕು. ಎಷ್ಟೋ ಮುಟ್ಟುಗಳ ಕಾವು ಒಂದೇ ತಾಣದಲ್ಲಿ ಸವೆದು ಕನ್ನಡಿಯಂತೆ ನುಣುಪಾಗಿರುತ್ತದೆ. ಹೆಬ್ಬೆರಳು ಒತ್ತಿದೆಡೆ ತಗ್ಗು ಬಿದ್ದಿರುತ್ತದೆ. ಆ ತಗ್ಗಿನಲ್ಲಿ ನೋಡುವವನು ತನ್ನ ಹೆಬ್ಬೆರಳನ್ನಿಟ್ಟರೆ, ದುಡಿದ ಕೈ ದೊಡ್ಡದೋ ಚಿಕ್ಕದೋ, ಬಲಗೈಯೋ ಎಡಗೈಯೋ ತಿಳಿಯುತ್ತದೆ. ಛಾಯಾಚಿತ್ರವಿಲ್ಲದ ಕಾಲದಲ್ಲಿ ಬಾಳಿಹೋದ ಹಿರಿಯನ ದೇಹದ ಗುರುತು 1 ಅಂಗುಲದಷ್ಟು ಮರದಲ್ಲಿ ಮಾತ್ರ ಉಳಿದಿರುವುದುಂಟು. ಹಾಗಿರುವಾಗ ಹುಳು ಹಿಡಿದಿಲ್ಲದ ಹಳೆಯ ಕಾವನ್ನು ಅಂದಕ್ಕಾಗಿ ಬದಲಾಯಿಸುವುದು ಅವಿವೇಕ.

ಗುರುತಿಸುವುದರಲ್ಲಿ ಇರುವ ನಿಜವಾದ ಅಡ್ಡಿಯು ಕಣ್ಣಿನದಲ್ಲ, ಮನಸ್ಸಿನದು. ಇದನ್ನು ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಮಕ್ಕಳು ಓದಿ ನೌಕರಿಗೆ ಸೇರಿದ್ದಾರೆ, ಹೊಲಗಳಾಗಿವೆ, ಊರಿನಲ್ಲಿ ಮಾತು ನಡೆಯುತ್ತದೆ. ಅಂತಹ ಮನೆಯ ಅಟ್ಟದಿಂದ ಅರ್ಧಚಂದ್ರದಂತಹ ಬಾಯಿಯುಳ್ಳ ರಂಪಿಗೆಯೊಂದು ಕೆಳಗಿಳಿಯಿತೆಂದು ಭಾವಿಸಿಕೊಳ್ಳಬಹುದು. ರಂಪಿಗೆಯು ತೊಗಲು ಕೊಯ್ಯುವ ಮುಟ್ಟು. ಮನೆಯ ಹಿರಿಯ ಸೊಸೆ ಅದನ್ನು ಗುರುತಿಸುತ್ತಾಳೆ, ಯಜಮಾನನೂ ಗುರುತಿಸುತ್ತಾನೆ; ಆದರೂ ‘ಇದು ನಮ್ಮ ಮನೆಯದಲ್ಲ, ಯಾರೋ ಇಟ್ಟುಹೋದದ್ದು’ ಎಂಬ ಮಾತು ಹೊರಡುತ್ತದೆ. ಸಂಜೆಯೊಳಗೆ ಗುಜರಿಯವನಿಗೆ ಕರೆ ಹೋಗುತ್ತದೆ. ರಂಪಿಗೆಯ ಬದಲು ಕ್ಷೌರದ ಕತ್ತಿಯಾಗಲಿ, ಮಡಿವಾಳರ ಒಗೆಯುವ ಬಂಡೆಯಾಗಲಿ, ಬಿದಿರು ಸೀಳುವ ಮೇದರ ಕತ್ತಿಯಾಗಲಿ, ಕಥೆ ಬೇರೆಯಾಗುವುದಿಲ್ಲ. ಬೆಳಗ್ಗೆ ಇದೇ ಮನೆಯಲ್ಲಿ ವಚನಪಠನ ನಡೆದಿರುತ್ತದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಬಂಧುತ್ವವನ್ನು ಬಸವಣ್ಣನವರು, ಬಿಜ್ಜಳನ ಭಂಡಾರಿಯಾಗಿದ್ದ ಆ ಮಹಾನುಭಾವರು, ನಾಚದೆ ಸಾರಿ ಹೇಳಿಕೊಂಡರೆಂಬುದನ್ನು ಆ ಮನೆಯವರೆಲ್ಲರೂ ಬಲ್ಲರು. ಇತರರ ಮನೆಯ ಹಿರಿಯರ ಕಾಯಕವನ್ನು ವೇದಿಕೆಯ ಮೇಲೆ ಕೊಂಡಾಡುವುದು ಸುಲಭ. ಸ್ವಂತ ಅಜ್ಜನ ರಂಪಿಗೆಯನ್ನು ಮೊಮ್ಮಗನ ಮುಂದೆ ಹಿಡಿದು, ‘ಇದರಿಂದಲೇ ನಮ್ಮ ಮನೆಯ ದಾಸೋಹ ನಡೆದುದು’ ಎಂದು ಹೇಳುವುದು ಕಷ್ಟ. ಅಟ್ಟದ ಚೀಲವು ಕೇಳುವ ಪ್ರಶ್ನೆ ಇದೇ ಆಗಿರುತ್ತದೆ. ಆದುದರಿಂದಲೇ ಅದನ್ನು ಬಿಚ್ಚಲು ಅನೇಕರಿಗೆ ಹೊತ್ತು ಸಿಕ್ಕುವುದಿಲ್ಲ.

ಗುರುತಿಸಿದ ಮುಟ್ಟುಗಳನ್ನು ಮುಂದೇನು ಮಾಡುವುದೆಂಬುದು ಉಳಿದ ಪ್ರಶ್ನೆ. ವಾರ್ನಿಷು ಬಳಿದು ಗೋಡೆಗೆ ತೂಗುಹಾಕುವ ರೂಢಿಯು ಈಚೆಗೆ ನಗರದ ಮನೆಗಳಲ್ಲಿಯೂ ಉಪಾಹಾರಗೃಹಗಳಲ್ಲಿಯೂ ಕಂಡುಬರುತ್ತಿದೆ. ಅದು ಗುಜರಿಗಿಂತ ಒಂದು ಮೆಟ್ಟಿಲು ಮೇಲು, ಅಷ್ಟೆ. ಒಂದೇ ಬಗೆಯ ಮುಟ್ಟು ಮೂರು ನಾಲ್ಕು ಇದ್ದರೆ ಎಲ್ಲವನ್ನೂ ಕಟ್ಟಿಕೊಂಡು ಕೂರಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಚೆಲ್ಲಿಬರಲು ಹೇಳಿದ ಪ್ರಸಂಗವು ಇಲ್ಲಿಯೂ ಅನ್ವಯಿಸುತ್ತದೆ. ಹದ ಕೆಡದ ಬಾಚಿಯನ್ನೋ ಉಳಿಯನ್ನೋ ಆ ಕಸಬನ್ನು ಇಂದಿಗೂ ಮಾಡುತ್ತಿರುವ ಕೈಗೆ, ಜಾತಿ ಊರುಗಳನ್ನು ಕೇಳದೆ, ಒಪ್ಪಿಸಬಹುದು. ಯಂತ್ರದ ಗರಗಸ ಯಂತ್ರದ ಉಜ್ಜುಗೊರಡುಗಳು ಬಂದಿದ್ದರೂ ಮೂಲೆಯ ಸಂದು ತಿದ್ದಲು ಬಡಗಿಯು ಕೈ ಉಳಿಯನ್ನೇ ಹಿಡಿಯುತ್ತಾನೆ. ಹಳೆಯ ಉಕ್ಕಿನ ಬೆಲೆ ಅವನಿಗೆ ಗೊತ್ತು. ಕಂಟದಂತಹ ಅಪೂರ್ವ ವಸ್ತುವಿದ್ದರೆ ಓಲೆಗರಿಗಳನ್ನು ಕಾಪಾಡುವ ಮಠದ ಅಥವಾ ವಿಶ್ವವಿದ್ಯಾಲಯದ ಭಂಡಾರಕ್ಕೆ ತೋರಿಸುವುದು ಯುಕ್ತ.

ಮನೆಯಲ್ಲಿ ಉಳಿಸಿಕೊಳ್ಳುವುದಾದರೆ ಒಂದೆರಡನ್ನು ಉಳಿಸಿಕೊಂಡು, ಕಬ್ಬಿಣಕ್ಕೆ ಯಂತ್ರದ ತೆಳು ಎಣ್ಣೆಯನ್ನು ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಯುಧಪೂಜೆಯ ಹೊತ್ತಿಗೆ ಒಮ್ಮೆ, ಸವರಬೇಕು. ಅಡಿಗೆಯ ಎಣ್ಣೆಯು ಅಂಟುಗಟ್ಟಿ ಧೂಳನ್ನು ಹಿಡಿಯುವುದರಿಂದ ಅದು ಬೇಡ. ಗೋಣಿಚೀಲವು ತೇವವನ್ನು ಹೀರುವುದರಿಂದ ಮರದ ಪೆಟ್ಟಿಗೆಯೇ ಲೇಸು. ಒಂದೊಂದು ಮುಟ್ಟಿಗೂ ಒಂದೊಂದು ಚೀಟಿ ಕಟ್ಟಬೇಕು. ಅದರಲ್ಲಿ ಮುಟ್ಟಿನ ಹೆಸರು ತಮ್ಮ ಊರಿನ ಮಾತಿನಲ್ಲಿ, ಅದರಿಂದ ಮಾಡುತ್ತಿದ್ದ ಕೆಲಸ, ಹಿಡಿದವರ ಹೆಸರು, ಹೇಳಿದವರ ಹೆಸರು, ಬರೆದ ವರ್ಷ ಇಷ್ಟಿರಲಿ. ಶಾಯಿಯು ಎಣ್ಣೆ ತಾಗಿದರೆ ಹರಡಿ ಅಳಿಸುತ್ತದೆ. ಸೀಸದಕಡ್ಡಿಯಿಂದ ಬರೆದುದು ಹೆಚ್ಚು ಕಾಲ ನಿಲ್ಲುತ್ತದೆ.